ಇಪ್ಪತ್ತೈದು ಎಣಿಸಿದ ಮೇಲೆ ಉಳಿಯುವ ‘ನಾನು’

ಸಂಕೇಶ್ವರ, ನಿಡಸೋಸಿ, ಹುಕ್ಕೇರಿ ಈ ಮೂರನ್ನೂ ನೋಡಿ ಬರಲು ಒಂದು ಬೆಳಗು ಸಾಕು. ಸಂಕೇಶ್ವರದಲ್ಲಿ ಶಂಕರಾಚಾರ್ಯ ಪೀಠವಿದೆ. ನಿಡಸೋಸಿಯಲ್ಲಿ ದುರದುಂಡೀಶ್ವರ ಮಠವಿದೆ. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ಆ ಗುಮ್ಮಟಗಳು ಆ ಕಾಲದ ರಾಜಧಾನಿ ಬಿಜಾಪುರವನ್ನೂ ಅಲ್ಲಿದ್ದ ಸೂಫಿಗಳನ್ನೂ ನೆನಪಿಸುತ್ತವೆ. ಕಬ್ಬಿನ ಹೊಲಗಳ ನಡುವಿನ ಇಷ್ಟು ಸಣ್ಣ ಸುತ್ತಿನಲ್ಲಿ ‘ನಾನು ಯಾರು, ಈ ಕಾಣುವ ಲೋಕ ಎಷ್ಟು ನಿಜ?’ ಎಂಬ ಪ್ರಶ್ನೆಗೆ ಮೂರು ದೊಡ್ಡ ಪರಂಪರೆಗಳು ಉತ್ತರ ಹುಡುಕಿವೆ.

ಈ ವಿಷಯ ಬಂದಾಗ ನೀವು ಸಾಮಾನ್ಯವಾಗಿ ಎರಡು ಮಾತು ಕೇಳಿರುತ್ತೀರಿ. ಭಾವೈಕ್ಯ ಸಮಾರಂಭದ ವೇದಿಕೆಯಲ್ಲಾದರೆ, ‘ಎಲ್ಲರೂ ಹೇಳಿದ್ದು ಒಂದೇ.’ ಮನೆಯ ಜಗಲಿಯಲ್ಲಾದರೆ, ‘ಅದು ಅವರದು, ನಮಗೇಕೆ?’ ಎರಡೂ ಓದುವ ಕಷ್ಟ ತಪ್ಪಿಸಿಕೊಳ್ಳುವ ಮಾತುಗಳೇ.

ಆಲೆಮನೆಯ ಮುಂದೆ ನಿಂತು ಯೋಚಿಸಿ ನೋಡಿ. ಬೆಲ್ಲ, ಸಕ್ಕರೆ, ಕಾಕಂಬಿ ಎಂದು ಹೆಸರು ಬೇರೆ, ರೂಪ ಬೇರೆ, ಸಿಹಿಯೊಂದೇ ಸತ್ಯ. ಅದ್ವೈತದ ಉತ್ತರ ಈ ಬಗೆಯದು. ನಾಮರೂಪ ಹೊತ್ತ ಜಗತ್ತು ಮಿಥ್ಯೆ, ಆತ್ಮ ಮತ್ತು ಬ್ರಹ್ಮ ಎರಡಲ್ಲ ಎಂದರು ಶಂಕರರು. ಮಿಥ್ಯೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಅದು ಕಾಣುತ್ತದೆ, ಬಳಕೆಗೂ ಬರುತ್ತದೆ, ಆದರೆ ಜ್ಞಾನದ ಮುಂದೆ ನಿಲ್ಲುವುದಿಲ್ಲ. (ಅದನ್ನು ಬರೀ ‘ಸುಳ್ಳು’ ಎಂದು ತಿಳಿದು ವಾದಕ್ಕಿಳಿಯುವವರು ನಮ್ಮಲ್ಲಿದ್ದಾರೆ.) ಬೌದ್ಧರು ಕೇಳುವ ಪ್ರಶ್ನೆ ಬೇರೆ. ಕಬ್ಬು, ಬೆಂಕಿ, ಕೊಪ್ಪರಿಗೆ, ಕಾಯಿಸುವವನ ಕೈ ಕೂಡಿದಾಗ ಬೆಲ್ಲವಾಯಿತು. ಇವೆಲ್ಲವನ್ನು ಬಿಟ್ಟು ಬೆಲ್ಲ ಎಂಬ ಸ್ಥಿರ ವಸ್ತು ಎಲ್ಲಿದೆ? ‘ನಾನು’ ಎಂಬುದೂ ಅಂಥದೇ ಒಂದು ಕೂಟ. 12ನೇ ಶತಮಾನದ ಶರಣರು ಈ ಎರಡೂ ದಾರಿಯಲ್ಲಿ ನಡೆಯಲಿಲ್ಲ. ದುಡಿಮೆಯ ಲೋಕವನ್ನು ತಳ್ಳದೆ ಕಾಯಕವನ್ನೇ ಸಾಧನೆಯಾಗಿಸಿದರು, ಅಂಗ ಲಿಂಗದಲ್ಲಿ ಸಮರಸವಾಗಬೇಕೆಂದರು. ಅಲ್ಲಮಪ್ರಭು ಹೇಳುವ ಬಯಲು ಬರಿದಾದ ಜಾಗವಲ್ಲ, ‘ನಾನು’ ಎಂಬ ಗಡಿ ಅಳಿದ ನೆಲೆ.

ನಮ್ಮ ಕಣ್ಣು ಅರಳಿಸುವ ಸಂಗತಿ ಇರುವುದು ಬಿಜಾಪುರದಲ್ಲಿ, ಇಂದಿನ ವಿಜಯಪುರದಲ್ಲಿ. ಅಲ್ಲಿ ಹಝ್ರತ್ ಶಾಹ್ ಮೀರಾಂಜಿ ಶಮ್ಸುಲ್ ಉಶ್ಶಾಖ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಅಲಿ ಆಲಾ ಎಂಬ ಮೂರು ತಲೆಮಾರಿನ ಸೂಫಿಗಳಿದ್ದರು. ಅಮೀನುದ್ದೀನ್ ತೀರಿಕೊಂಡದ್ದು 1675ರಲ್ಲಿ. ಮೂವರೂ ಪಂಡಿತರ ಫಾರ್ಸಿಗೆ ಅಂಟಿಕೊಳ್ಳದೆ ಪೇಟೆಯ ಜನರಾಡುವ ದಖ್ಖನಿಯಲ್ಲಿ ಬರೆದರು.

ಯೂನಾನಿ ಹಕೀಮರ ಲೆಕ್ಕದಲ್ಲಿ ದೇಹಕ್ಕೆ ಮೂಲವಸ್ತುಗಳು ನಾಲ್ಕೇ: ಮಣ್ಣು, ನೀರು, ಗಾಳಿ, ಬೆಂಕಿ. ಅಮೀನುದ್ದೀನ್ ಇವುಗಳಿಗೆ ಐದನೆಯದಾಗಿ ‘ಖಾಲಿ’ಯನ್ನು, ಅಂದರೆ ಅವಕಾಶವನ್ನು ಸೇರಿಸಿದರು. ಒಂದೊಂದಕ್ಕೂ ಐದೈದು ‘ಗುಣ’ಗಳನ್ನು ಹೇಳಿ ಒಟ್ಟು ಇಪ್ಪತ್ತೈದು ಮಾಡಿದರು. ಗುಣ ಎಂಬ ಪದವನ್ನೂ ಬದಲಿಸಲಿಲ್ಲ. ವೇದಾಂತದ ಪಂಚೀಕರಣವನ್ನು ಓದಿದವರಿಗೆ ಈ ಲೆಕ್ಕ ಹೊಸದಲ್ಲ. ಅಲ್ಲಿಯೂ ಎಲುಬು, ಮಾಂಸ, ಹಸಿವು, ನಿದ್ದೆ ಎಂದು ಐದು ಭೂತಗಳಿಂದ ಇಪ್ಪತ್ತೈದನ್ನು ಬಿಡಿಸುತ್ತಾರೆ. ಚೆನ್ನಬಸವಣ್ಣನವರ ಹೆಸರಿನ ‘ಕರಣಹಸಿಗೆ’ಯಲ್ಲೂ ದೇಹದ ತತ್ವಗಳ ಎಣಿಕೆ ಇದೆ. ಮಠ ಮತ್ತು ಖಾನ್‌ಖಾಹ್ ಎರಡೂ ಒಂದೇ ಮಗ್ಗಿ ಕಲಿತಂತಿದೆ.

ಈ ಎಣಿಕೆಯ ಉದ್ದೇಶ ಸರಳ. ಈ ಎಲುಬು ನಾನೇ? ಅಲ್ಲ, ಅದು ಮಣ್ಣಿನದು. ಈ ಹಸಿವು ನಾನೇ? ಅದು ಬೆಂಕಿಯದು. ಹೀಗೆ ಒಂದೊಂದನ್ನೇ ಅದರ ಒಡೆಯನಿಗೆ ಮರಳಿಸುತ್ತಾ ಹೋದರೆ, ‘ನನ್ನ ಮಾತೇ ನಡೆಯಬೇಕು’ ಎಂದು ಬೆಳಗ್ಗೆ ಚಹಾದ ಹೊತ್ತಿಗೇ ಮನೆ ನಡುಗಿಸುವ ಯಜಮಾನನ ಕೈಯಲ್ಲಿ ಏನುಳಿಯಿತು? ಕುರ್‌ಆನ್ ಕೆಡುಕಿಗೆ ಪ್ರೇರೇಪಿಸುವ ನಫ್ಸ್, ತನ್ನನ್ನೇ ನಿಂದಿಸಿಕೊಳ್ಳುವ ನಫ್ಸ್, ಸಂತೃಪ್ತ ನಫ್ಸ್ ಎಂದು ಮೂರನ್ನು ಹೇಳುತ್ತದೆ. ಮೊದಲನೆಯದರ ಸೊಕ್ಕು ಮುರಿಯಲು ಈ ಎಣಿಕೆ ಒಳ್ಳೆಯ ಔಷಧಿ.

ಇಷ್ಟರವರೆಗೆ ಜೊತೆಯಾಗಿ ನಡೆಯಬಹುದು. ಇಪ್ಪತ್ತೈದನ್ನೂ ಕಳೆದ ಮೇಲೆ ಉಳಿಯುವುದು ಏನು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಉಳಿದದ್ದೇ ಬ್ರಹ್ಮ ಎನ್ನುತ್ತದೆ ಅದ್ವೈತ. ಉಳಿದವನು ದಾಸ, ಅವನಿಗೊಬ್ಬ ಒಡೆಯನಿದ್ದಾನೆ ಎನ್ನುತ್ತದೆ ತೌಹೀದ್. ಈ ಗೆರೆಯ ಬಗ್ಗೆ ಮುಸ್ಲಿಮರೊಳಗೇ ಶತಮಾನಗಳ ಜಗಳವಿದೆ. 1240ರಲ್ಲಿ ದಮಾಸ್ಕಸ್‌ನಲ್ಲಿ ನಿಧನರಾದ ಇಬ್ನ್ ಅರಬಿಯವರು ನಿಜವಾದ ಅಸ್ತಿತ್ವ ಅಲ್ಲಾಹನದು ಮಾತ್ರ ಎಂದು ಹೇಳಿದರು. ಕಲಬುರಗಿಯ ಖ್ವಾಜಾ ಬಂದೇ ನವಾಝ್ (ನಿಧನ 1422) ಸ್ವತಃ ದೊಡ್ಡ ಸೂಫಿಯಾಗಿದ್ದೂ ಇಬ್ನ್ ಅರಬಿಯವರನ್ನು ಟೀಕಿಸಿದರು. ಮುಂದೆ ಶೇಖ್ ಅಹ್ಮದ್ ಸರ್‌ಹಿಂದಿ (ನಿಧನ 1624) ಈ ಏಕತ್ವ ಸಾಧಕನ ನೋಟಕ್ಕೆ ಸೇರಿದ್ದು ಎಂದರು. ಸೂರ್ಯ ಮೂಡಿದಾಗ ನಕ್ಷತ್ರ ಕಾಣದು, ಹಾಗೆಂದು ನಕ್ಷತ್ರ ಇಲ್ಲವೆಂದಲ್ಲ. ನನ್ನ ಮನಸ್ಸು ಒಪ್ಪುವುದು ಈ ಕೊನೆಯ ಮಾತನ್ನು. ರೂಹ್ ಪ್ರಭುವಿನ ಆಜ್ಞೆಯ ವಿಷಯ, ಮನುಷ್ಯನಿಗೆ ಅದರ ಬಗ್ಗೆ ಕೊಟ್ಟ ಜ್ಞಾನ ಅತ್ಯಲ್ಪ ಎಂದು ಕುರ್‌ಆನ್ ಹೇಳಿದ ಮೇಲೆ, ಉಳಿದದ್ದು ಇಂಥದೇ ಎಂದು ಹೆಸರಿಡಲು ನನಗೆ ಧೈರ್ಯವಿಲ್ಲ. ಆದರೆ ಅಮೀನುದ್ದೀನರು ನೆರೆಯವರಿಂದ ತಂದದ್ದು ಎಣಿಸುವ ಕ್ರಮವನ್ನು, ಆರಾಧಿಸುವ ದೇವರನ್ನಲ್ಲ. ಅದನ್ನು ‘ಬೆರಕೆ’ ಎಂದು ಜರೆಯುವ ಮುನ್ನ ಇಷ್ಟನ್ನಾದರೂ ಗಮನಿಸಬೇಕು.

ಈ ತತ್ವ ಅಡುಗೆಮನೆಗೂ ಬಂದ ದಾರಿ ನಮ್ಮ ಸಹೋದರಿಯರಿಗೆ ತಿಳಿದಿರಬೇಕು. ಬಿಜಾಪುರದ ಸೂಫಿಗಳ ಬಳಗದಲ್ಲಿ ‘ಚಕ್ಕಿನಾಮಾ’, ‘ಚರ್ಖಾನಾಮಾ’ ಎಂಬ ಹಾಡುಗಳು ಹುಟ್ಟಿದವು. ಮೊದಲನೆಯದು ಬೀಸುವಾಗಿನದು, ಎರಡನೆಯದು ನೂಲುವಾಗಿನದು. ರಿಚರ್ಡ್ ಈಟನ್ ಎಂಬ ಇತಿಹಾಸಕಾರರು 1978ರಲ್ಲಿ ಪ್ರಕಟವಾದ ಬಿಜಾಪುರದ ಸೂಫಿಗಳ ಕುರಿತ ಗ್ರಂಥದಲ್ಲಿ, ದಖ್ಖನಿನ ಹಳ್ಳಿಗಳಲ್ಲಿ ಇಸ್ಲಾಮಿನ ಭಾವನೆ ಬೇರೂರಿದ್ದಕ್ಕೆ ಹೆಂಗಸರ ಈ ಹಾಡುಗಳನ್ನು ಮುಖ್ಯ ಕಾರಣವಾಗಿ ತೋರಿಸಿದರು. ಒಂದು ಚಕ್ಕಿನಾಮಾದಲ್ಲಿ ಕಲ್ಲಿನ ಹಿಡಿಗೂಟ ‘ಅಲಿಫ್’ ಅಕ್ಷರದಂತೆ ನೆಟ್ಟಗೆ ನಿಂತು ಅಲ್ಲಾಹನನ್ನು ಸೂಚಿಸುತ್ತದೆ. ನಡುವಿನ ಕೀಲು ಪ್ರವಾದಿ(ಸ)ಯವರನ್ನು. ಅಕ್ಷರ ಬಾರದ ಹೆಂಗಸೂ ಗೂಟ ಹಿಡಿದಾಗ ಒಂದು ಅಕ್ಷರವನ್ನೇ ಹಿಡಿದಿರುತ್ತಿದ್ದಳು.

ಕನ್ನಡದ ಬೀಸುವ ಕಲ್ಲಿನ ಪದಗಳೂ ಹೀಗೇ ನಸುಕಿನಲ್ಲಿ ಕಲ್ಲಿನ ಸದ್ದಿನ ಜೊತೆಗೇ ಏಳುತ್ತಿದ್ದವು. ಹಿಟ್ಟಿನ ಗಿರಣಿ ಊರೂರಿಗೆ ಬಂದ ಮೇಲೆ ಎರಡೂ ಕಡೆ ಕಲ್ಲುಗಳು ಮೂಲೆ ಸೇರಿದವು. ಚಕ್ಕಿನಾಮಾಗಳ ಹಸ್ತಪ್ರತಿಗಳನ್ನು ಈಗ ನೋಡಬೇಕಾದರೆ ಹೈದರಾಬಾದಿನ ಗ್ರಂಥಾಲಯಗಳಿಗೆ ಹೋಗಬೇಕು.