ಅಂಕವೊಂದೇ, ಅಳತೆ ಒಂದೇ ಅಲ್ಲ: ವೃತ್ತಿಶಿಕ್ಷಣ ಪ್ರವೇಶದಲ್ಲಿ ನ್ಯಾಯದ ಪ್ರಶ್ನೆ

ಸಿಇಟಿ ಫಲಿತಾಂಶ ಪ್ರಕಟವಾದಾಗಲೆಲ್ಲ ಅನೇಕ ಪಾಲಕರು ಕೇಳುವ ಪ್ರಶ್ನೆಯೊಂದಿದೆ: ‘ನಮ್ಮ ಮಗನಿಗೆ ಪಿಯುಸಿಯಲ್ಲಿ ಶೇ. 95 ಬಂದಿದ್ದರೂ ರ‍್ಯಾಂಕ್ ಇಷ್ಟು ಕೆಳಗೇಕೆ?’ ಇದಕ್ಕೆ ಉತ್ತರ ದೊರೆಯಬೇಕಾದರೆ ರ‍್ಯಾಂಕ್ ಸಿದ್ಧವಾಗುವ ಬಗೆಯನ್ನು ಮೊದಲು ಅರಿಯಬೇಕು.

ಎಂಜಿನಿಯರಿಂಗ್ ಪ್ರವೇಶಕ್ಕೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಗಣಿತದ ಅಂಕಗಳಿಗೆ ಅರ್ಧ ಪಾಲು. ಅದೇ ವಿಷಯಗಳ 180 ಅಂಕಗಳ ಸಿಇಟಿಗೆ ಉಳಿದರ್ಧ. ಪಿಯುಸಿಯಲ್ಲಿ 300ಕ್ಕೆ 285, ಸಿಇಟಿಯಲ್ಲಿ 90 ಪಡೆದವರಿಗೆ 47.5 ಮತ್ತು 25 ಸೇರಿ 72.5 ಆಗುತ್ತದೆ. ಪಿಯುಸಿಯಲ್ಲಿ 255 ಮಾತ್ರ ಪಡೆದು ಸಿಇಟಿಯಲ್ಲಿ 120 ಗಳಿಸಿದವರಿಗೆ 75.83 ಆಗಿ ಅವರೇ ಮುಂದಾಗುತ್ತಾರೆ. ವರ್ಷದ ವ್ಯಾಸಂಗವನ್ನೂ ಸ್ಪರ್ಧಾ ಪರೀಕ್ಷೆಯ ಸಾಮರ್ಥ್ಯವನ್ನೂ ಒಟ್ಟಿಗೆ ತೂಗುವುದೇ ಈ ಕ್ರಮದ ಉದ್ದೇಶ.

ಆದರೆ ಇಲ್ಲಿ ಒಂದು ನಂಬಿಕೆ ಅಡಗಿದೆ: ಎಲ್ಲರ ಪಿಯುಸಿ ಅಂಕಗಳೂ ಒಂದೇ ಬಗೆಯ ಪರೀಕ್ಷೆಯಿಂದ ಬಂದಿವೆ ಎಂಬುದು. 2021ರಲ್ಲಿ ಈ ನಂಬಿಕೆ ಸಡಿಲಗೊಂಡಿತು. ಕೋವಿಡ್ ಕಾರಣದಿಂದ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ, ಎಸ್ಸೆಸ್ಸೆಲ್ಸಿ, ಪ್ರಥಮ ಪಿಯುಸಿ ಮತ್ತು ಆಂತರಿಕ ಮೌಲ್ಯಮಾಪನದ ಆಧಾರದಲ್ಲಿ ಅಂಕ ನೀಡಲಾಯಿತು. ಆ ವರ್ಷ 2,239 ವಿದ್ಯಾರ್ಥಿಗಳು 600ಕ್ಕೆ 600 ಪಡೆದರು. ಅಂದಿನ ಎಂಜಿನಿಯರಿಂಗ್ ರ‍್ಯಾಂಕನ್ನು ಸಿಇಟಿ ಅಂಕದಿಂದಲೇ ನಿರ್ಧರಿಸಲಾಯಿತು.

ತೊಡಕು ಎದುರಾದುದು ಮರುವರ್ಷ. 2021ರ ವಿದ್ಯಾರ್ಥಿಗಳಲ್ಲಿ ಹಲವರು 2022ರ ಸಿಇಟಿಯನ್ನು ಮತ್ತೆ ಬರೆದಾಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಅವರ ಪಿಯುಸಿ ಅಂಕಗಳನ್ನು ಪರಿಗಣಿಸಲಿಲ್ಲ. ನಿಯಮದಲ್ಲಿರುವ ಅರ್ಧ ಪಾಲನ್ನು ತಮಗೆ ನಿರಾಕರಿಸಿದ್ದು ಅನ್ಯಾಯವೆಂದು ಅವರು ಹೈಕೋರ್ಟಿನ ಮೊರೆಹೊಕ್ಕರು. ಪರೀಕ್ಷೆ ಬರೆದೇ ಅಂಕ ಗಳಿಸಿದ ಹೊಸಬರಿಗೂ ತಮ್ಮದೇ ಆತಂಕವಿತ್ತು: ಪರೀಕ್ಷೆಯಿಲ್ಲದೆ ದೊರೆತ ಅಂಕದೊಡನೆ ತಮ್ಮ ಅಂಕವನ್ನು ಹೇಗೆ ಹೋಲಿಸುವುದು? ಎರಡು ವಾದಗಳಲ್ಲಿಯೂ ಸತ್ಯಾಂಶವಿತ್ತು.

2022ರ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠವು ವಿದ್ಯಾರ್ಥಿಗಳ ಪರವಾಗಿ ತೀರ್ಪಿತ್ತಿತು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠವು ಸರ್ಕಾರ ಮುಂದಿಟ್ಟ ಸೂತ್ರವನ್ನು ಒಪ್ಪಿತು: 2021ರ ಪಿಯುಸಿ ಅಂಕಗಳಲ್ಲಿ ಸರಾಸರಿ 6 ಅಂಕ ಕಳೆದು, ಬಳಿಕ ಅರ್ಧರ್ಧ ಪಾಲಿನಂತೆ ರ‍್ಯಾಂಕ್ ನೀಡುವುದು. ಒಟ್ಟು ನೂರರ ಲೆಕ್ಕದಲ್ಲಿ ಇದು ಸುಮಾರು 3 ಅಂಕದ ವ್ಯತ್ಯಾಸ. ಸೂತ್ರವು ಯಾರಿಗೂ ಪೂರ್ಣ ತೃಪ್ತಿ ನೀಡದಿರಬಹುದು. ಆದರೆ ಯಾರನ್ನೂ ಲೆಕ್ಕದಿಂದ ಹೊರಗಿಡಲಿಲ್ಲ.

ಗ್ರಾಮೀಣ ಹಾಗೂ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗಿರುವ ಮೀಸಲಾತಿಯ ಹಿಂದೆಯೂ ಇದೇ ವಿವೇಕವಿದೆ. ಅಂಕವನ್ನು ಓದುವಾಗ ಅದು ಹುಟ್ಟಿದ ಸನ್ನಿವೇಶವನ್ನೂ ಓದಬೇಕು. ಜೊತೆಗೆ, ಅಳತೆಗೋಲು ಪರೀಕ್ಷೆಗೆ ಮೊದಲೇ ಎಲ್ಲರಿಗೂ ತಿಳಿದಿರಬೇಕು. ಫಲಿತಾಂಶದ ನಂತರ ಬದಲಾಗುವ ನಿಯಮವು ಎಷ್ಟೇ ಸದುದ್ದೇಶದ್ದಾದರೂ ಮಕ್ಕಳ ವಿಶ್ವಾಸವನ್ನು ಕದಡುತ್ತದೆ.

ಆದುದರಿಂದ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೆ: ಅರ್ಜಿ ತುಂಬುವ ಮುನ್ನ ಮಾಹಿತಿ ಪುಸ್ತಿಕೆಯನ್ನು ಮಕ್ಕಳೊಂದಿಗೆ ಕುಳಿತು ಓದಿರಿ, ವ್ಯಾಸಂಗ ಪ್ರಮಾಣಪತ್ರಗಳನ್ನು ಸಕಾಲದಲ್ಲಿ ಪಡೆಯಿರಿ. ರ‍್ಯಾಂಕ್ ಎಂಬುದು ಆ ವರ್ಷದ ಅಳತೆಗೋಲು ನೀಡಿದ ಸಂಖ್ಯೆ ಮಾತ್ರ. ಅದನ್ನೇ ಮಗುವಿನ ಯೋಗ್ಯತೆಯೆಂದು ಬಗೆಯದಿರಿ.