ಟವರ್‌ನ ರೂಟರಿಗೆ ಚೀಲದ ಲೆಕ್ಕ

ಕಮಲಾಪುರ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ಕಲಬುರಗಿಯ ನೆಹರು ಗಂಜ್‌ನಲ್ಲಿ ಫೈಬರ್ ಸಂಪರ್ಕ ತೊಗೊಂಡು, ಟವರ್‌ನಿಂದ ಟವರ್‌ಗೆ ರೇಡಿಯೊ ಹಾಕಿ ನಮ್ಮ ಹಳ್ಳಿಗಳಿಗೆ ಇಂಟರ್ನೆಟ್ ಕೊಡಬೇಕಂತ ಇದ್ದೀವಿ. ಟವರ್‌ಗೆ ಐದಾರು ಸಾವಿರದ ರೂಟರ್ ಸಾಕೋ, ಐವತ್ತು ಸಾವಿರದ್ದೇ ಬೇಕೋ?’

ಸಾಕು. ಆದರೆ ಯಾವ ಕೆಲಸ ಟವರಿನದು, ಯಾವುದು ಗಂಜ್‌ನದು ಎಂದು ಮೊದಲೇ ಹಂಚಿಕೊಂಡಿರಬೇಕು.

ರೂಟರ್‌ನ ಡಬ್ಬಿಯ ಮೇಲೆ ದೊಡ್ಡದಾಗಿ ‘ಗಿಗಾಬಿಟ್’ ಎಂದಿರುತ್ತದೆ. ಅದು ಪೋರ್ಟಿನ ವೇಗ. ಒಳಗಿನ ಪ್ರೊಸೆಸರ್ ಎಷ್ಟು ದುಡಿಯಬಲ್ಲದು ಎಂಬುದನ್ನು ಅದು ಹೇಳುವುದಿಲ್ಲ. ಗಂಜ್‌ನ ಅಡತಿ ಅಂಗಡಿಯೊಂದಕ್ಕೆ ನೂರು ಕ್ವಿಂಟಲ್ ತೊಗರಿ ಬಂತು ಎನ್ನಿ. 50 ಕಿಲೋ ಚೀಲಗಳಾದರೆ ಅವು 200. ಗುಮಾಸ್ತ ಒಂದೊಂದು ಚೀಲದ ಚೀಟಿ ನೋಡಿ ‘ಇದು ಆ ಲಾರಿಗೆ, ಇದು ಈ ಲಾರಿಗೆ’ ಎನ್ನುತ್ತಾನೆ, ಹಮಾಲರು ಹೊತ್ತೊಯ್ಯುತ್ತಾರೆ. ಅಷ್ಟೇ ತೊಗರಿ ಅರ್ಧ ಕಿಲೋ ಪೊಟ್ಟಣಗಳಲ್ಲಿ ಬಂದರೆ ಚೀಟಿಗಳು 20,000! ತೂಕ ಹೆಚ್ಚಲಿಲ್ಲ, ಗುಮಾಸ್ತನ ದುಡಿಮೆ ಮಾತ್ರ ನೂರು ಪಟ್ಟಾಯಿತು. ರೂಟರ್ ಈ ಗುಮಾಸ್ತನೇ. ಅದರ ಶ್ರಮ ದತ್ತಾಂಶದ ತೂಕಕ್ಕಲ್ಲ, ಪ್ಯಾಕೆಟ್‌ಗಳ ಎಣಿಕೆಗೆ. ಫೈರ್‌ವಾಲ್ ನಿಯಮ ಒಂದು ಸೇರಿಸಿದಿರೆಂದರೆ ಪ್ರತಿ ಚೀಲಕ್ಕೂ ಇನ್ನೊಂದು ತಪಾಸಣೆ ಕೂಡಿಸಿದ ಹಾಗೆ.

1 ಗಿಗಾಬಿಟ್ ತಂತಿಯಲ್ಲಿ 1518 ಬೈಟ್‌ಗಳ ದೊಡ್ಡ ಪ್ಯಾಕೆಟ್‌ಗಳು ಸೆಕೆಂಡಿಗೆ ಸುಮಾರು 81 ಸಾವಿರ ಹಿಡಿಸುತ್ತವೆ. 64 ಬೈಟ್‌ಗಳ ಚಿಕ್ಕವಾದರೆ 14.88 ಲಕ್ಷ. ಸಿನಿಮಾ ಡೌನ್‌ಲೋಡ್ ದೊಡ್ಡ ಚೀಲ. ಫೋನ್ ಮಾತು, ಆಟ, ಯುಪಿಐ ವ್ಯವಹಾರಗಳೆಲ್ಲ ಪೊಟ್ಟಣಗಳು. ಹಳ್ಳಿಯ ಜಾಲದಲ್ಲಿ ಎರಡೂ ಬೆರೆತೇ ಹರಿಯುತ್ತವೆ.

ಪ್ರಾಮಾಣಿಕ ತಯಾರಕರು ಈ ಲೆಕ್ಕವನ್ನು ಬಹಿರಂಗವಾಗಿ ಕೊಡುತ್ತಾರೆ. ಲಾಟ್ವಿಯಾ ದೇಶದ ಮೈಕ್ರೋಟಿಕ್ ಕಂಪನಿ 1996ರಲ್ಲಿ ಹುಟ್ಟಿದ್ದೇ ಇಂಥ ನಿಸ್ತಂತು ಜಾಲಗಳಿಗಾಗಿ. ಮೊದಲು ಸಾಮಾನ್ಯ ಪಿಸಿಯನ್ನು ರೂಟರ್ ಮಾಡುವ ತಂತ್ರಾಂಶ ಬರೆದರು, 2002ರಲ್ಲಿ ಸ್ವಂತ ಬೋರ್ಡ್ ತಂದರು. ಅವರ ಪ್ರತಿ ಮಾದರಿಗೂ 64, 512, 1518 ಬೈಟ್‌ಗಳ ಪರೀಕ್ಷಾ ಕೋಷ್ಟಕವಿರುತ್ತದೆ. 25 ಫೈರ್‌ವಾಲ್ ನಿಯಮ ಹಾಕಿದಾಗ ಎಷ್ಟು, 25 ಕ್ಯೂ, ಅಂದರೆ ಪ್ಯಾಕೆಟ್‌ಗಳ ಸರದಿ, ಹಾಕಿದಾಗ ಎಷ್ಟು ಎಂಬ ಸಾಲುಗಳೂ ಇರುತ್ತವೆ. ಕೊಳ್ಳುವವರು ಮೊದಲು ನೋಡಬೇಕಾದದ್ದು 512 ಬೈಟ್‌ಗಳ ಅಂಕಣ, ಕ್ಯೂ ಹಾಕಿದ ಸಾಲು.

ಕ್ಯೂ ಯಾಕೆ ಇಷ್ಟು ಮುಖ್ಯ? ಇದರ ಹಿಂದೊಂದು ಸೊಗಸಾದ ಚರಿತ್ರೆಯಿದೆ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ನಾಲ್ಕುನೂರು ಗಜ ದೂರದ ವಿಶ್ವವಿದ್ಯಾಲಯದ ನಡುವೆ ಸೆಕೆಂಡಿಗೆ 32 ಕಿಲೋಬಿಟ್ ಇದ್ದ ವೇಗ 40 ಬಿಟ್‌ಗೆ ಕುಸಿಯಿತು. ಕಿಲೋಬಿಟ್ ಅಲ್ಲ, ಬರೀ 40 ಬಿಟ್! ವ್ಯಾನ್ ಜೇಕಬ್‌ಸನ್ ಮತ್ತು ಮೈಕ್ ಕೆರಲ್ಸ್ ಬೆನ್ನು ಹತ್ತಿ ಕಾರಣ ಹುಡುಕಿದರು: ದಾರಿ ತುಂಬಿದ್ದರೂ ಕಂಪ್ಯೂಟರ್‌ಗಳು ಪ್ಯಾಕೆಟ್ ತುರುಕುತ್ತಲೇ ಇದ್ದವು. ಪ್ಯಾಕೆಟ್ ಕಳೆದುಹೋದರೆ ಅದನ್ನೇ ಸೂಚನೆ ಎಂದು ತಿಳಿದು ವೇಗ ತಗ್ಗಿಸುವ ವಿಧಾನವನ್ನು 1988ರಲ್ಲಿ ಪ್ರಕಟಿಸಿದರು. ಇಂಟರ್ನೆಟ್ ಉಳಿದುಕೊಂಡಿತು.

ಮುಂದೆ ಮೆಮೊರಿ ಅಗ್ಗವಾಯಿತು. ತಯಾರಕರು ಉಪಕರಣಗಳಲ್ಲಿ ದೊಡ್ಡ ದೊಡ್ಡ ಬಫರ್ ಇಟ್ಟರು. ಪ್ಯಾಕೆಟ್ ಕಳೆಯುವುದರ ಬದಲು ಕಾಯುತ್ತ ನಿಂತಿತು, ನಿಧಾನಿಸು ಎಂಬ ಸೂಚನೆಯೇ ತಡವಾಯಿತು. ಒಬ್ಬರು ವಿಡಿಯೊ ಅಪ್‌ಲೋಡ್ ಮಾಡುವಾಗ ಪಕ್ಕದ ಮನೆಯವರ ಮಾತು ತುಂಡಾಗುವುದು ಹೀಗೆಯೇ. 2010ರ ಹೊತ್ತಿಗೆ ಜಿಮ್ ಗೆಟಿಸ್ ಈ ರೋಗಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್‌ಸನ್ ಮದ್ದು ಕೊಟ್ಟರು, ಅದೇ ಕೋಡೆಲ್. ಸರದಿ ಎಷ್ಟು ಉದ್ದವಿದೆ ಎಂದು ಅದು ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. 5 ಮಿಲಿಸೆಕೆಂಡಿಗೂ ಹೆಚ್ಚಿನ ಕಾಯುವಿಕೆ 100 ಮಿಲಿಸೆಕೆಂಡಿನಷ್ಟು ಹೊತ್ತು ಮುಂದುವರಿದರೆ ಒಂದು ಪ್ಯಾಕೆಟ್ ಬೀಳಿಸುತ್ತದೆ. ಅದರ ಕುಡಿಗಳಾದ ಎಫ್‌ಕ್ಯೂ-ಕೋಡೆಲ್ ಮತ್ತು ಕೇಕ್ ಈಗ ಮೈಕ್ರೋಟಿಕ್‌ನ 7ನೇ ಆವೃತ್ತಿಯ ತಂತ್ರಾಂಶದಲ್ಲಿವೆ. ಐದಾರು ಸಾವಿರದ ಡಬ್ಬಿಯಲ್ಲೂ ಈ ವಿದ್ಯೆ ಸಿಗುತ್ತಿರುವುದು ನನ್ನ ಪಾಲಿಗೆ ದೊಡ್ಡ ಸಂಗತಿ.

ಆದರೆ ಈ ಕ್ಯೂ ಪ್ರೊಸೆಸರನ್ನು ತಿನ್ನುತ್ತದೆ. ಆದ್ದರಿಂದ ಭಾರದ ಕೆಲಸವೆಲ್ಲ ಗಂಜ್‌ನಲ್ಲಿರಲಿ: ಗ್ರಾಹಕರ ಲಾಗಿನ್, ಪ್ಲಾನ್‌ಗೆ ತಕ್ಕ ವೇಗ, ಡೌನ್‌ಲೋಡ್‌ನ ಸರದಿ. ಅಲ್ಲಿಗೆ ಒಂದೇ ಒಂದು ಬಲವಾದ ರೂಟರ್ ಕೊಳ್ಳಿ. ರೇಡಿಯೊ ಕೊಂಡಿ ಕೆಟ್ಟ ದಿನದಲ್ಲಿ ಕೊಡುವ ವೇಗಕ್ಕಿಂತ ತುಸು ಕೆಳಗೆ ಆ ರೂಟರಿನ ವೇಗದ ಮಿತಿ ಇಡಿ. ಆಗ ಟವರಿನ ರೂಟರಿಗೆ ಚೀಟಿ ನೋಡಿ ಮುಂದೆ ದಾಟಿಸುವ ಕೆಲಸವಷ್ಟೇ ಉಳಿಯುತ್ತದೆ.

ಗಂಜ್‌ನಿಂದ ಕಮಲಾಪುರ ನೇರ ಗೆರೆಯಲ್ಲೂ 30 ಕಿ.ಮೀ. ಆಸುಪಾಸು. ಅಷ್ಟು ದೂರಕ್ಕೆ ನಡುವೆ ಭೂಮಿಯ ಉಬ್ಬೇ 13 ಮೀಟರ್, 5.8 ಗಿಗಾಹರ್ಟ್ಸ್ ತರಂಗದ ಹರವಿಗೆ ಇನ್ನೂ 12 ಮೀಟರ್ ಬಿಡಬೇಕು. ಮಹಾಗಾಂವ್ ಕಡೆ ನಡುವಿನ ಟವರ್ ಒಂದಿದ್ದರೆ ಕೆಲಸ ಹಗುರ. ಆದರೆ ಆ ಟವರಿನ ರೂಟರ್ ತನ್ನ ಊರಿನ ಜೊತೆ ಕಮಲಾಪುರದ ಹೊರೆಯನ್ನೂ ಹೊರಬೇಕು. ಒಂದು ಮೆಟ್ಟಿಲು ಮೇಲಿನ ಮಾದರಿಯನ್ನು ಹಾಕುವುದಾದರೆ ಅಲ್ಲಿಗೇ ಹಾಕಿ. 5 ಗಿಗಾಹರ್ಟ್ಸ್ ಪಟ್ಟಿಯ 605 ಮೆಗಾಹರ್ಟ್ಸ್ 2018ರಲ್ಲಿ ಪರವಾನಗಿಮುಕ್ತವಾಗಿದೆ. ಸಂಪರ್ಕ ಮಾರಲು ಮಾತ್ರ ಐಎಸ್‌ಪಿ ಅನುಮತಿ ಬೇಕೇ ಬೇಕು.

ಇನ್ನು ಕರೆಂಟು ಮತ್ತು ಬಿಸಿಲು. 5 ವ್ಯಾಟ್‌ನ ಚಿಕ್ಕ ರೂಟರ್ ದಿನಕ್ಕೆ 120 ವ್ಯಾಟ್-ಗಂಟೆ ಉಣ್ಣುತ್ತದೆ, 40 ವ್ಯಾಟ್‌ನದು 960. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿದರೆ ಸಿಗುವುದು 900. ದೊಡ್ಡ ರೂಟರ್ ಒಂದು ದಿನ ದಾಟುವುದಿಲ್ಲ. ಚಿಕ್ಕದು, ರೇಡಿಯೊಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ವಾರ ದಾಟುತ್ತದೆ. 24 ವೋಲ್ಟ್ ಬ್ಯಾಟರಿ ಜೋಡಿ ಚಾರ್ಜ್ ಆಗುವಾಗ 29 ವೋಲ್ಟ್ ಹತ್ತಿರ ಹೋಗುತ್ತದೆ, ಅದನ್ನು ತಾಳಿಕೊಳ್ಳುವ ರೂಟರ್ ಮಾದರಿಯೇ ಬೇಕು. ಮೇ ತಿಂಗಳ ನಮ್ಮ ಬಿಸಿಲಿಗೆ ಟವರಿನ ಕಬ್ಬಿಣದ ಪೆಟ್ಟಿಗೆಯೊಳಗೆ 60 ಡಿಗ್ರಿ ಮುಟ್ಟಬಹುದು. ಮನೆಯ ವೈಫೈ ರೂಟರ್‌ಗಳಿಗೆ ಸಾಮಾನ್ಯವಾಗಿ ಬರೆದಿರುವ ಮಿತಿ 40 ಡಿಗ್ರಿ. ಅವನ್ನು ಟವರಿಗೆ ಏರಿಸಲೇಬೇಡಿ.

ಹೀಗೆ ಉಳಿದ ಹಣದಲ್ಲಿ ಅದೇ ಮಾದರಿಯ ಇನ್ನೊಂದು ರೂಟರ್ ಕೊಂಡು, ಟವರಿನ ಸೆಟ್ಟಿಂಗ್‌ಗಳನ್ನೆಲ್ಲ ಅದರಲ್ಲಿ ತುಂಬಿ ಗಂಜ್‌ನಲ್ಲಿ ಸಿದ್ಧವಿಟ್ಟಿರಿ. ಸಿಡಿಲಿಗೆ ಎಷ್ಟೇ ದುಬಾರಿ ರೂಟರ್ ಆದರೂ ಸುಡುತ್ತದೆ. ಸುಟ್ಟ ದಿನವೇ ಬದಲಿಸಲು ಆಗುವುದು ಬದಲಿ ಕೈಯಲ್ಲಿದ್ದವರಿಗೆ ಮಾತ್ರ.