ಪ್ರಮಾಣವನ್ನು ಕೇಳುವ ಕ್ರಮ: ಗಂಗರ ತಾಮ್ರಶಾಸನಗಳ ವಾದ

‘ಇದಕ್ಕೆ ಪ್ರಮಾಣವೇನು?’ ಎಂಬ ಪ್ರಶ್ನೆಯು ನಿರ್ಣಯಾಪೇಕ್ಷೆಯಿಂದಲೂ ಹುಟ್ಟಬಹುದು, ಎದುರಾಳಿಯನ್ನು ದಣಿಸುವ ಆಶೆಯಿಂದಲೂ ಹುಟ್ಟಬಹುದು. ತತ್ತ್ವನಿರ್ಣಯಕ್ಕಾಗಿ ನಡೆಯುವುದನ್ನು ವಾದವೆಂದೂ, ಗೆಲವಿಗಾಗಿ ನಡೆಯುವುದನ್ನು ಜಲ್ಪವೆಂದೂ, ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದನ್ನು ವಿತಂಡೆಯೆಂದೂ ನ್ಯಾಯಶಾಸ್ತ್ರವು ವಿಂಗಡಿಸಿದೆ. ಆದರೆ ಪ್ರಶ್ನೆಯ ಮಾತು ಎಲ್ಲೆಡೆಯೂ ಒಂದೇ ಆಗಿರುವುದರಿಂದ, ಪ್ರಮಾಣವು ದೊರೆತ ಮೇಲೆ ಪೃಚ್ಛಕನು ಏನು ಮಾಡುವನೆಂಬುದೇ ಅವನ ಉದ್ದೇಶವನ್ನು ತಿಳಿಸುತ್ತದೆ. ಕೋಲಾರ ಸೀಮೆಗೆ ಸಂಬಂಧಿಸಿದ ಒಂದು ವಿವಾದವು ಇದಕ್ಕೆ ಉತ್ತಮ ನಿದರ್ಶನ.

‘ಕುವಳಾಲಪುರವರೇಶ್ವರ’ರೆನಿಸಿದ ಗಂಗರ ಕುವಳಾಲವೇ ಈಗಿನ ಕೋಲಾರ. ಅವರ ಪ್ರಾಚೀನ ಚರಿತ್ರೆಗೆ ತಾಮ್ರಶಾಸನಗಳೇ ಮುಖ್ಯಾಧಾರ. ಮಾಲೂರು ತಾಲ್ಲೂಕಿನ ನೊಣಮಂಗಲದಲ್ಲಿ, ಹಾಳಾದ ಜೈನ ಬಸದಿಯ ನೆಲದಲ್ಲಿ, ಮಾಧವ ಮತ್ತು ಅವಿನೀತರ ಶಾಸನಗಳು ದೊರೆತುವು. ಬಿ. ಎಲ್. ರೈಸರು ಇವನ್ನು ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಮೊದಲಾದ ತಾಲ್ಲೂಕುಗಳ ಶಾಸನಗಳೊಡನೆ ‘ಎಪಿಗ್ರಾಫಿಯ ಕರ್ನಾಟಿಕ’ದ 10ನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು.

ಜೆ. ಎಫ್. ಫ್ಲೀಟರು ಇಂತಹ ಗಂಗಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ವಾದಿಸಿದರು. ಅಕ್ಷರಗಳು ಹೇಳಿದ ಕಾಲಕ್ಕೆ ಒಪ್ಪುವುವೇ, ತಿಥಿವಾರಗಳು ಗಣಿತಕ್ಕೆ ಹೊಂದುವುವೇ ಎಂಬುವು ಅವರ ಒರೆಗಲ್ಲುಗಳು. ಶಕ 388ರದೆಂದು ಎಣಿಸಲಾದ ಮರ್ಕೆರಾ ಶಾಸನದ ಲಿಪಿಯು ಬಹಳ ಈಚಿನದೆಂಬ ಆಕ್ಷೇಪವು ಈ ಬಗೆಯದು. ರೈಸರಾದರೋ ಶಾಸನಗಳು ಪ್ರಾಮಾಣಿಕವೆಂಬ ಪಕ್ಷವನ್ನು ಬಿಡಲಿಲ್ಲ.

ಬಳಿಕ ಪೆನುಗೊಂಡೆಯ ಗಂಗಶಾಸನವು ಬೆಳಕಿಗೆ ಬಂದಿತು. ಫ್ಲೀಟರು ಅದನ್ನು ಅದೇ ಒರೆಗಲ್ಲಿಗೆ ಉಜ್ಜಿ, ಇದು ನಿಜವಾದ ಶಾಸನವೆಂದು 1915ರಲ್ಲಿ ಒಪ್ಪಿ, ಸುಮಾರು ಕ್ರಿ. ಶ. 475ಕ್ಕೆ ಸೇರಿಸಿದರು. ಹೊಸ ಷರತ್ತನ್ನು ಹೂಡಿ ಪ್ರಮಾಣವನ್ನು ದೂರಕ್ಕೆ ತಳ್ಳಲಿಲ್ಲ. ಇದೇ ಸದ್ಭಾವದ ಲಕ್ಷಣ. ಆದರೆ ಒಂದು ಶಾಸನವು ಸಾಚಾ ಆದ ಮಾತ್ರಕ್ಕೆ ಉಳಿದವೆಲ್ಲ ಸಾಚಾ ಆಗವು. ಪ್ರತಿಯೊಂದೂ ತನ್ನ ಬಲದಿಂದಲೇ ನಿಲ್ಲಬೇಕು.

ಆದಕಾರಣ ಪ್ರಮಾಣವನ್ನು ಕೇಳುವವನು ಯಾವುದು ದೊರೆತರೆ ತಾನು ಒಪ್ಪುವೆನೆಂಬುದನ್ನು ಮೊದಲೇ ಹೇಳತಕ್ಕದ್ದು. ‘ಮೂಡಲಬಾಗಿಲೇ ಮುಳಬಾಗಿಲಾಯಿತು’ ಎಂಬ ವ್ಯುತ್ಪತ್ತಿಯನ್ನು ನೋಡಬಹುದು. ವಿಜಯನಗರ ಕಾಲದ ಶಾಸನಗಳಲ್ಲಿ ‘ಮುಳುವಾಯಿ’ ಎಂಬ ರೂಪವುಂಟು. ಇದಕ್ಕಿಂತ ಹಿಂದಿನ ಶಾಸನದಲ್ಲಿ ‘ಮೂಡಲ’ ರೂಪವನ್ನು ತೋರಿಸಿರೆಂದು ಕೇಳುವುದು ನ್ಯಾಯ. ಅದನ್ನು ತೋರಿಸಿದಾಗ ಒಪ್ಪದಿರುವುದು ವಿತಂಡೆ. ಹಾಗೆಯೇ ‘ಮುಳು’ ಎಂಬುದಕ್ಕೆ ಬೇರೆ ಅರ್ಥವನ್ನು ಹೇಳುವವನೂ ಅಷ್ಟೇ ಆಧಾರವನ್ನು ಕೊಡಬೇಕು. ಮರ್ಕೆರಾ ಶಾಸನವನ್ನು ಹಳಗನ್ನಡಕ್ಕೆ ಉದಾಹರಿಸುವ ಅಧ್ಯಾಪಕರು ಅದರ ಮಿತಿಯನ್ನೂ ಲಿಪಿಯ ಕಾಲವನ್ನೂ ಬೇರೆ ಬೇರೆಯಾಗಿ ತಿಳಿಸಿದಲ್ಲಿ, ವಿದ್ಯಾರ್ಥಿಯು ಪ್ರಶ್ನಿಸುವುದನ್ನೂ ಒಪ್ಪುವುದನ್ನೂ ಒಟ್ಟಿಗೆ ಕಲಿಯುವನು.